5800ಎಕ್ಸ್ ಪ್ರೊಸೆಸರ್ ಮೇಲೆ 5600ರ ಬಾಕ್ಸ್ ಕೂಲರ್: ಕಮ್ಮಿ ಬಜೆಟ್‌ನಲ್ಲಿ ಏರ್ ಕೂಲರ್ ಆರಿಸಿದ ಒಂದು ಕೇಸ್

ಹಿನ್ನೆಲೆ

ಮಶೀನ್ ಓನರ್ ಒಪ್ಕೊಂಡ ಮೇಲೇನೇ ಇದನ್ನ ಬರೀತಿರೋದು, ಹೆಸರು, ಊರು, ಕೆಲಸದ ಜಾಗ ಎಲ್ಲ ತೆಗೆದಿದೀನಿ, ಇಲ್ಲಿ ಅವನು ಬರೀ "ಎಡಿಟರ್". ವಿಡಿಯೋ ಎಡಿಟಿಂಗ್ ಮಾಡ್ತಾನೆ, ಮಧ್ಯೆ ಮಧ್ಯೆ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಸಣ್ಣಪುಟ್ಟ ರೆಂಡರ್. ಮೊದ್ಲು ಇದ್ದದ್ದು ಎಎಂಡಿ ಕಂಪನಿಯ ರೈಝೆನ್ 5 5600 ಪ್ರೊಸೆಸರ್, ಅದರ ಬಾಕ್ಸ್ ಜೊತೆ ಬಂದ ವ್ರೇತ್ ಸ್ಟೆಲ್ತ್ ಕೂಲರ್, ಮೈಕ್ರೋ ಎಟಿಎಕ್ಸ್ ಬೋರ್ಡು, ಮುಂದುಗಡೆ ಪೂರ್ತಿ ಗಾಜಿರೋ ಚಿಕ್ಕ ಕ್ಯಾಬಿನೆಟ್ಟು. ಆ ಸೆಟಪ್‌ನಲ್ಲಿ ತೊಂದರೆ ಏನೂ ಇರ್ಲಿಲ್ಲ. ಆಮೇಲೆ ಎಂಟು ಕೋರ್ ಬೇಕು ಅಂತ ಪರಿಚಯದವರೊಬ್ರು ಬಳಸಿ ಬಿಟ್ಟಿದ್ದ ರೈಝೆನ್ 7 5800ಎಕ್ಸ್ ತಗೊಂಡ. ಸಾಕೆಟ್ ಅದೇ ಎಎಂ4, ಬಯೋಸ್ (ಬೋರ್ಡಿನ ಒಳಗಿನ ಸೆಟಿಂಗ್ ಸಾಫ್ಟ್‌ವೇರ್) ಅಪ್‌ಡೇಟ್ ಆಗೇ ಇತ್ತು, ಪ್ರೊಸೆಸರ್ ಕೂತ್ಕೊಳ್ತು, ವಿಂಡೋಸ್ ಬಂತು. 5800ಎಕ್ಸ್ ಹೊಸದು ತಗೊಂಡ್ರೂ ಬಾಕ್ಸಲ್ಲಿ ಕೂಲರ್ ಇರಲ್ಲ, ಹಂಗಾಗಿ ಮನೇಲಿದ್ದ ಸ್ಟೆಲ್ತನ್ನೇ ಅದರ ಮೇಲೆ ಕೂರಿಸಿಬಿಟ್ಟ.

ಇಲ್ಲಿ ಒಂದು ಲೆಕ್ಕ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದಿನ ಕಥೆ ಎಲ್ಲ ಇದರ ಮೇಲೇ ನಿಂತಿದೆ. ಎಎಂಡಿ ಬಾಕ್ಸ್ ಮೇಲೆ ಬರೆಯೋ ಟಿಡಿಪಿ (ಕೂಲರ್ ಆರಿಸೋಕೆ ಕೊಡೋ ಬಿಸಿಯ ಅಂದಾಜು) ನಂಬರ್ ಬೇರೆ, ಪ್ರೊಸೆಸರ್ ಸಾಕೆಟ್‌ನಿಂದ ಎಳೆಯೋ ಪವರ್‌ನ ಮಿತಿ ಬೇರೆ, ಈ ಎರಡನೇದಕ್ಕೆ ಪಿಪಿಟಿ ಅಂತಾರೆ. 5600ಕ್ಕೆ ಟಿಡಿಪಿ 65 ವ್ಯಾಟ್, ಪಿಪಿಟಿ 76. 5800ಎಕ್ಸ್‌ಗೆ ಟಿಡಿಪಿ 105, ಪಿಪಿಟಿ 142. ಅಂದ್ರೆ ಎರಡು ಕೋರ್ ಜಾಸ್ತಿ ಆಯ್ತು ಅಷ್ಟೇ ಅಂದ್ಕೊಂಡ್ರೆ ಬಿಸಿ ಹೆಚ್ಚುಕಮ್ಮಿ ಡಬಲ್. ಸಾಲದ್ದಕ್ಕೆ ಆ ಎಂಟೂ ಕೋರ್ ಇರೋದು ಸುಮಾರು 80 ಚದರ ಮಿಲಿಮೀಟರಿನ ಒಂದೇ ಒಂದು ಚಿಪ್ಲೆಟ್‌ನಲ್ಲಿ (ಪ್ರೊಸೆಸರ್ ಒಳಗಿನ ಸಣ್ಣ ಸಿಲಿಕಾನ್ ತುಂಡು), ಅಷ್ಟು ಚಿಕ್ಕ ಜಾಗದಿಂದ ಅಷ್ಟು ಬಿಸಿನ ಹೊರಗೆ ಎಳೀಬೇಕು. ಸ್ಟೆಲ್ತ್ ಏನು ಅಂದ್ರೆ 54 ಮಿಮೀ ಎತ್ತರದ ಅಲ್ಯುಮಿನಿಯಂ ಗಟ್ಟಿ, ಮೇಲೊಂದು ಫ್ಯಾನು. ಬಿಸಿನ ಸಾಗಿಸೋ ಹೀಟ್‌ಪೈಪ್ ಇಲ್ಲ. 5600ಕ್ಕೆ ಪರವಾಗಿಲ್ಲ, ಇದಕ್ಕೆ ಆಗಲ್ಲ.

ಸಮಸ್ಯೆ ಹೆಂಗೆ ಕಾಣಿಸ್ತು

ಎಡಿಟರ್ ಹೇಳಿದ್ದು ಎರಡು ದೂರು. ಒಂದು, ಎಕ್ಸ್‌ಪೋರ್ಟ್ ಹಾಕಿದ ತಕ್ಷಣ ಫ್ಯಾನ್ ಕಿರುಚೋಕೆ ಶುರು ಮಾಡುತ್ತೆ, ವಾಯ್ಸ್ ರೆಕಾರ್ಡ್ ಮಾಡೋ ರೂಮೂ ಅದೇ ಆಗಿರೋದ್ರಿಂದ ಎಕ್ಸ್‌ಪೋರ್ಟ್ ಮುಗಿಯೋವರೆಗೂ ಬೇರೆ ಕೆಲಸ ಮಾಡೋ ಹಂಗಿಲ್ಲ. ಇನ್ನೊಂದು, ಎಂಟು ಕೋರ್ ಹಾಕಿದ್ರೂ ಎಕ್ಸ್‌ಪೋರ್ಟ್ ಟೈಮ್ ಅವನು ಅಂದ್ಕೊಂಡಷ್ಟು ಇಳಿದಿರ್ಲಿಲ್ಲ. ಎಚ್‌ಡಬ್ಲ್ಯುಇನ್ಫೋ ಅನ್ನೋ ಸೆನ್ಸರ್ ತೋರಿಸೋ ಸಾಫ್ಟ್‌ವೇರ್ ಹಾಕಿ ನೋಡಿದ್ರೆ ಟೆಂಪರೇಚರ್ 90 ಡಿಗ್ರಿ, ಅಲ್ಲೇ ಅಂಟ್ಕೊಂಡು ನಿಂತಿದೆ. 5800ಎಕ್ಸ್‌ಗೆ ಎಎಂಡಿ ಇಟ್ಟಿರೋ ಮೇಲ್ಮಿತಿನೇ 90. ಅಲ್ಲಿಗೆ ಬಂದ್ರೆ ಪ್ರೊಸೆಸರ್ ತಾನೇ ಕ್ಲಾಕ್ (ಕೋರ್ ಓಡೋ ವೇಗ) ಇಳಿಸ್ಕೊಂಡು ಬದುಕ್ಕೊಳ್ಳುತ್ತೆ, ಸುಟ್ಟುಹೋಗಲ್ಲ, ಆದ್ರೆ ನೀವು ದುಡ್ಡು ಕೊಟ್ಟಷ್ಟು ಸ್ಪೀಡ್ ಸಿಗಲ್ಲ.

ಮೊದಲು ಏನೇನು ಮಾಡಿದ

ಎಲ್ರೂ ಮಾಡೋದೇ, ಪ್ರೊಸೆಸರ್‌ಗೂ ಕೂಲರ್‌ಗೂ ಮಧ್ಯೆ ಹಚ್ಚೋ ಥರ್ಮಲ್ ಪೇಸ್ಟ್ ಬದಲಾಯಿಸ್ದ. ಹೊಸ ಪೇಸ್ಟ್ ಹಾಕಿ ಟೆಸ್ಟ್ ಓಡಿಸಿ ಮೆಸೇಜ್ ಹಾಕ್ದ, "ಅಣ್ಣಾ, ಏನೂ ಪ್ರಯೋಜನ ಇಲ್ಲ, ಹಳೇ 90 ನೇ ತೋರಿಸ್ತಿದೆ." ಆಮೇಲೆ ಫ್ಯಾನನ್ನ ಬಯೋಸ್‌ನಲ್ಲಿ ಫುಲ್ ಸ್ಪೀಡ್‌ಗೆ ಹಾಕಿದ, ಗಲಾಟೆ ಜಾಸ್ತಿ ಆಯ್ತು, ಅದೇ 90. ಸೈಡ್ ಪ್ಯಾನೆಲ್ ತೆಗೆದ, ಮತ್ತೆ 90. ಇಷ್ಟಾದ್ಮೇಲೆ ಅವನ ತೀರ್ಮಾನ ಏನಂದ್ರೆ ಈ ಪ್ರೊಸೆಸರ್‌ಗೆ ಗಾಳಿ ಸಾಕಾಗಲ್ಲ, ಲಿಕ್ವಿಡ್ ಕೂಲರೇ ಬೇಕು, ಕಮ್ಮಿ ಅಂದ್ರೂ 240 ಮಿಮೀ ರೇಡಿಯೇಟರ್ (ದ್ರವದ ಬಿಸಿನ ಹೊರಹಾಕೋ ಭಾಗ) ಇರೋದು.

ಈ ಕೇಸ್‌ನಲ್ಲಿ ದಾರಿ ತಿರುಗಿದ್ದು ಇಲ್ಲಿ. ನಾನು ಕೇಳಿದ್ದು ಒಂದೇ ಪ್ರಶ್ನೆ, "ಡಿಗ್ರಿ ಬಿಡು, ವ್ಯಾಟ್ ಎಷ್ಟಿತ್ತು?" ಪ್ರೊಸೆಸರ್ ಮಿತಿಗೆ ಬಡಿದು ನಿಂತಿರೋವಾಗ ನೀವು ಕೂಲಿಂಗ್ ಎಷ್ಟೇ ಸುಧಾರಿಸಿದ್ರೂ ಡಿಗ್ರಿ ಇಳಿಯಲ್ಲ, ಸಿಕ್ಕಿದ ಜಾಗನೆಲ್ಲ ಅದು ಇನ್ನಷ್ಟು ಕರೆಂಟ್ ಎಳೆಯೋಕೆ ಬಳಸ್ಕೊಳ್ಳುತ್ತೆ, ಹಾಗಾಗಿ ವ್ಯತ್ಯಾಸ ಗೊತ್ತಾಗೋದು ವ್ಯಾಟ್‌ನಲ್ಲಿ ಮತ್ತೆ ಕ್ಲಾಕ್‌ನಲ್ಲಿ. ಲಾಗ್ ತೆಗೆದು ನೋಡಿದ್ರೆ ಇದ್ದದ್ದೇ ಹಂಗೆ. ಹಳೇ ಪೇಸ್ಟಲ್ಲಿ 90 ವ್ಯಾಟ್ ಆಸುಪಾಸು, ಹೊಸ ಪೇಸ್ಟಿಗೆ 94, ಸೈಡ್ ಪ್ಯಾನೆಲ್ ತೆಗೆದಾಗ 102. ಪೇಸ್ಟಿಂದ ನಿಜವಾಗ್ಲೂ ಅಂಥಾ ಲಾಭ ಆಗಿಲ್ಲ, ಸರಿ. ಆದ್ರೆ ಪ್ಯಾನೆಲ್ ತೆಗೆದ್ರೆ ಎಂಟು ವ್ಯಾಟ್ ಜಾಸ್ತಿ ಎಳೀತು ಅಂದ್ರೆ ಕ್ಯಾಬಿನೆಟ್ ಒಳಗಿನ ಗಾಳಿನೇ ಬಿಸಿ ಇದೆ ಅಂತ ಅರ್ಥ, "ಅದೇ 90" ಅಂತ ಅವನು ತಳ್ಳಿಹಾಕಿದ್ದ ಟೆಸ್ಟೇ ಅತೀ ಮುಖ್ಯ ಸುಳಿವು ಕೊಟ್ಟಿತ್ತು. ಮೂರನ್ನೂ ಒಂದರ ಹಿಂದೆ ಒಂದು, ಅದೇ ರೂಮ್ ಟೆಂಪರೇಚರ್‌ನಲ್ಲಿ ಮಾಡಿದ್ದು ಒಳ್ಳೇದಾಯ್ತು, ಇಲ್ಲಾಂದ್ರೆ ಹೋಲಿಸೋಕೇ ಬರ್ತಿರ್ಲಿಲ್ಲ.

ಇದ್ರಿಂದ ಇನ್ನೊಂದು ಅಂದಾಜು ಸಿಗುತ್ತೆ. ರೂಮ್ 28 ಡಿಗ್ರಿ, ಪ್ರೊಸೆಸರ್ 90, ಮಧ್ಯೆ 62 ಡಿಗ್ರಿ ಅಂತರ, ಅದನ್ನ 94 ವ್ಯಾಟ್‌ನಿಂದ ಭಾಗಿಸಿದ್ರೆ ಒಂದು ವ್ಯಾಟ್‌ಗೆ ಸುಮಾರು 0.66 ಡಿಗ್ರಿ ಏರ್ತಿದೆ. ಈ ಒಂದು ನಂಬರ್ ಇಟ್ಕೊಂಡ್ರೆ ಕೂಲರ್ ಎಷ್ಟು ದೊಡ್ಡದು ಬೇಕು ಅಂತ ಊಹೆ ಹೊಡೆಯೋ ಅಗತ್ಯ ಇಲ್ಲ. ಎಡಿಟರ್‌ಗೆ ಬೇಕಿದ್ದದ್ದು 110 ವ್ಯಾಟ್ ಹೊತ್ತಿಗೆ 80ರ ಒಳಗೆ ಇರ್ಬೇಕು ಅಂತ, ಅಂದ್ರೆ ವ್ಯಾಟ್‌ಗೆ 0.47ಕ್ಕಿಂತ ಕಮ್ಮಿ. ಕೂಲರ್ ಬಾಕ್ಸ್ ಮೇಲೆ "220 ವ್ಯಾಟ್", "250 ವ್ಯಾಟ್" ಅಂತೆಲ್ಲ ಬರೆದಿರ್ತಾರಲ್ಲ, ಅದಕ್ಕೆ ಎಲ್ರೂ ಒಪ್ಪಿರೋ ಒಂದೇ ಅಳತೆಗೋಲು ಇಲ್ಲ, ಯಾವ ಪ್ರೊಸೆಸರ್, ಎಷ್ಟು ಡಿಗ್ರಿ, ಎಷ್ಟು ಫ್ಯಾನ್ ಸ್ಪೀಡ್ ಅಂತ ಹೇಳ್ದೆ ಕೊಟ್ಟ ವ್ಯಾಟ್ ನಂಬರನ್ನ ನಾನಂತೂ ಓದೋದೇ ಇಲ್ಲ.

ಆಯ್ಕೆ

ಲಿಕ್ವಿಡ್ ಕೂಲರ್ ವಿಷಯ ಬೇಗ ಮುಗೀತು. ಕ್ಯಾಬಿನೆಟ್ ಮೇಲ್ಗಡೆ ರೇಡಿಯೇಟರ್‌ಗೆ ಜಾಗ ಇಲ್ಲ, ಹಾಕಿದ್ರೆ ಮುಂದೆನೇ ಹಾಕ್ಬೇಕು, ಮುಂದೆ ಗಾಜು. ಉಸಿರಾಡೋಕೆ ಜಾಗ ಇಲ್ಲದ ಕಡೆ ರೇಡಿಯೇಟರ್ ಇಟ್ಟು ಏನು ಮಾಡೋದು. ಮೇಲಿಂದ ರೇಟು ಹಲವು ಪಟ್ಟು, ಪಂಪ್ ಅನ್ನೋ ಕೆಟ್ಟುಹೋಗಬಹುದಾದ ಇನ್ನೊಂದು ಪಾರ್ಟ್ ಬೇರೆ. ಏರ್ ಕೂಲರ್‌ನಲ್ಲಿ ಕೆಡೋದು ಅಂದ್ರೆ ಫ್ಯಾನ್ ಒಂದೇ, ಅದು ಬಿಡಿಯಾಗಿ ಎಲ್ಲಿ ಬೇಕಾದ್ರೂ ಸಿಗುತ್ತೆ.

ಏರ್‌ನಲ್ಲಿ ಮೊದ್ಲು ಅವನ ಕಣ್ಣು ಹೋದದ್ದು ಡಬಲ್ ಟವರ್ (ಫಿನ್ ಅಂದ್ರೆ ತೆಳು ಲೋಹದ ಹಾಳೆಗಳ ಎರಡು ಗೋಪುರ ಇರೋ ಕೂಲರ್) ಮೇಲೆ, ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ, ಆರು ಹೀಟ್‌ಪೈಪು, ಎರಡು ಫ್ಯಾನು. ಕೊಟ್ಟ ದುಡ್ಡಿಗೆ ಅದು ಭರ್ಜರಿ ಮಾಲು, ಅದರಲ್ಲಿ ಎರಡು ಮಾತಿಲ್ಲ. ಎತ್ತರ 155 ಮಿಮೀ. ಅವನ ಕ್ಯಾಬಿನೆಟ್‌ನ ಮಿತಿನೂ 155. "ಕರೆಕ್ಟಾಗಿ ಕೂತ್ಕೊಳ್ಳುತ್ತೆ" ಅಂತ ಆರ್ಡರ್ ಹಾಕೋಕೆ ರೆಡಿ ಆಗಿದ್ದ. ರ‍್ಯಾಮ್ ಎಷ್ಟು ಎತ್ತರ ಅಂತ ಅಳೀ ಅಂದೆ. ಸ್ಕೇಲ್ ಹಿಡಿದು ಅಳೆದ, 44 ಮಿಮೀ, ಮೇಲೆ ಲೈಟ್ ಪಟ್ಟಿ ಇರೋ ಥರದ್ದು. ದೊಡ್ಡ ಟವರ್ ಕೂಲರಿನ ಮುಂದಿನ ಫ್ಯಾನ್ ಬಂದು ನಿಲ್ಲೋದು ರ‍್ಯಾಮ್ ಸ್ಲಾಟ್ ಮೇಲೆ, ರ‍್ಯಾಮ್ ಎತ್ತರ ಇದ್ರೆ ಆ ಫ್ಯಾನನ್ನ ಕ್ಲಿಪ್ ಬಿಚ್ಚಿ ಒಂದಷ್ಟು ಮೇಲಕ್ಕೆ ಸರಿಸ್ಬೇಕು, ಆಗ ಸ್ಪೆಕ್ ಶೀಟ್‌ನಲ್ಲಿ ಬರೆದ 155 ಅನ್ನೋದು 155 ಆಗಿ ಉಳಿಯಲ್ಲ, ಸೈಡ್ ಗಾಜು ಮುಚ್ಚಲ್ಲ. ಕೂಲರ್ ಎತ್ತರ ಅಂತ ಕಂಪನಿ ಕೊಡೋ ನಂಬರು ಫ್ಯಾನ್ ಕೆಳಗೆ ಸರಿಯಾಗಿ ಕೂತಿದ್ರೆ ಮಾತ್ರ ನಿಜ.

ಹಂಗಾಗಿ ಸಿಂಗಲ್ ಟವರ್ ಕಡೆ ಬಂದ್ವಿ. ತುಂಬಾ ಜನ ಕಣ್ಣು ಮುಚ್ಕೊಂಡು ಹೇಳೋ ಹೈಪರ್ 212 ಇವೋ 159 ಮಿಮೀ, ಅಲ್ಲಿಗೇ ಔಟ್. ಡೀಪ್‌ಕೂಲ್ ಎಕೆ400 155 ಮಿಮೀ, ಅದೂ ಅಂಚಿಗೆ ಬರುತ್ತೆ. ಥರ್ಮಲ್‌ರೈಟ್ ಅಸ್ಯಾಸಿನ್ ಎಕ್ಸ್ 120ರ ಎಸ್‌ಇ ಮಾಡೆಲ್ 148 ಮಿಮೀ, ನಾಲ್ಕು ಹೀಟ್‌ಪೈಪು, ಒಂದೇ 120ರ ಫ್ಯಾನು. ಹೀಟ್‌ಪೈಪ್ ಅಂದ್ರೆ ಗಟ್ಟಿ ತಾಮ್ರದ ಕಡ್ಡಿ ಅಂತ ಅವನು ಅಂದ್ಕೊಂಡಿದ್ದ, ಅಲ್ಲ, ಒಳಗೆ ಟೊಳ್ಳು, ಗಾಳಿ ತೆಗೆದು ಸ್ವಲ್ಪ ದ್ರವ ಸೇರಿಸಿ ಮುಚ್ಚಿರ್ತಾರೆ, ಬಿಸಿ ಕಡೆ ಅದು ಆವಿ ಆಗಿ ಫಿನ್ ಕಡೆ ಹೋಗಿ ತಣ್ಣಗಾಗಿ ಒಳಗೋಡೆಯ ಒರಟು ಪದರದ ಮೂಲಕ ವಾಪಸ್ ಇಳಿಯುತ್ತೆ. ಈ ಓಡಾಟ ಇರೋದಕ್ಕೇನೇ ನಾಲ್ಕು ಸಣ್ಣ ಪೈಪಿರೋ ಟವರ್ ಕೂಡ ಆ ಅಲ್ಯುಮಿನಿಯಂ ಗಟ್ಟಿಗಿಂತ ಬೇರೆನೇ ಲೆವೆಲ್‌ನಲ್ಲಿರುತ್ತೆ. ಆರು ಪೈಪಿಂದು ಇನ್ನೂ ಚೆನ್ನಾಗಿರುತ್ತೆ, ಖಂಡಿತ, ಆದ್ರೆ 5800ಎಕ್ಸ್ ಥರ ಒಂದೇ ಚಿಕ್ಕ ಚಿಪ್ಲೆಟ್ ಇರೋ ಪ್ರೊಸೆಸರ್‌ನಲ್ಲಿ ಬಿಸಿ ಸಿಕ್ಕಿಹಾಕ್ಕೊಳ್ಳೋದು ಚಿಪ್‌ನಿಂದ ಅದರ ಮೇಲಿನ ಲೋಹದ ಮುಚ್ಚಳಕ್ಕೆ ಬರೋ ಜಾಗದಲ್ಲಿ, ಅದಕ್ಕೇ ಕೂಲರ್ ಡಬಲ್ ಆದ್ರೆ ಲಾಭ ಡಬಲ್ ಆಗಲ್ಲ.

ಒಂದು ವಿಷಯ ಆರ್ಡರ್ ಮಾಡೋ ಮುಂಚೆ ಗೊತ್ತಾಗಿದ್ದು ಪುಣ್ಯ. ಎಎಂ4 ಬೋರ್ಡ್ ಮೇಲೆ ಸಾಕೆಟ್‌ನ ಎರಡೂ ಪಕ್ಕ ಪ್ಲಾಸ್ಟಿಕ್ ಬ್ರಾಕೆಟ್ ಬರುತ್ತೆ, ಸ್ಟೆಲ್ತ್ ಹಾಕೋಕೆ ಅದನ್ನ ಬಿಚ್ಚಿ ಹಿಂದಿನ ಬ್ಯಾಕ್‌ಪ್ಲೇಟ್‌ಗೆ ನೇರ ಸ್ಕ್ರೂ ಹಾಕ್ಬೇಕು. ಆವತ್ತು ಬಿಚ್ಚಿದ ಬ್ರಾಕೆಟ್ ಎಲ್ಲೋ ಹೋಗಿತ್ತು. ಕೆಲವು ಕಮ್ಮಿ ರೇಟಿನ ಕೂಲರ್‌ಗಳು ಅದೇ ಬ್ರಾಕೆಟ್‌ಗೆ ಕ್ಲಿಪ್ ಸಿಗಿಸೋ ಥರ ಇರ್ತವೆ, ಅವೆಲ್ಲ ಲಿಸ್ಟಿಂದ ಹೊರಗೆ ಬಿದ್ವು. ಅಸ್ಯಾಸಿನ್ ಎಕ್ಸ್‌ಗೆ ಬೋರ್ಡಿನ ಬ್ಯಾಕ್‌ಪ್ಲೇಟ್ ಸಾಕು, ಮೇಲಿನ ಪಟ್ಟಿ ಅದರ ಬಾಕ್ಸಲ್ಲೇ ಬರುತ್ತೆ. ಅದನ್ನೇ ತಗೊಂಡ.

ಕೂರಿಸೋವಾಗ

ಎಎಂ4ರಲ್ಲಿ ಹಳೇ ಕೂಲರ್ ತೆಗೆಯೋದೇ ಹೆಚ್ಚು ಅಪಾಯದ ಕೆಲಸ. ಪಿನ್ ಇರೋದು ಪ್ರೊಸೆಸರ್ ಕೆಳಗೆ, 1331 ಪಿನ್, ಸಾಕೆಟ್ ಹಿಡಿತ ಅಷ್ಟು ಗಟ್ಟಿ ಇಲ್ಲ, ಒಣಗಿದ ಪೇಸ್ಟ್ ಮಾತ್ರ ಗಮ್ ಥರ ಹಿಡ್ಕೊಂಡಿರುತ್ತೆ. ನೇರ ಮೇಲಕ್ಕೆ ಎಳೆದ್ರೆ ಲಿವರ್ ಲಾಕ್ ಇದ್ರೂ ಪ್ರೊಸೆಸರ್ ಕೂಲರ್ ಜೊತೆನೇ ಕಿತ್ಕೊಂಡು ಬರುತ್ತೆ, ಪಿನ್ ಬಾಗಿದ್ರೆ ಅಳೋದೇ ಗತಿ. ಹಂಗಾಗಿ ಹತ್ತು ನಿಮಿಷ ಸಿನೆಬೆಂಚ್ (ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡೋ ಟೆಸ್ಟ್) ಓಡಿಸಿ, ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ, ಜಾರೋಕೆ ಶುರುವಾಯ್ತು ಅಂತ ಕೈಗೆ ಗೊತ್ತಾದ್ಮೇಲೇನೇ ಎತ್ತಿದ್ದು. ಸ್ಕ್ರೂ ನಾಲ್ಕೂ ಬಿಚ್ಚಿದ್ರೆ ಬ್ಯಾಕ್‌ಪ್ಲೇಟ್ ಹಿಂದೆ ಬಿದ್ದುಹೋಗುತ್ತೆ, ಅದಕ್ಕೆ ಕ್ಯಾಬಿನೆಟ್ ಮಲಗಿಸಿ ಹಿಂದಿನಿಂದ ಒಂದು ಕೈ ಒತ್ತಿ ಹಿಡ್ಕೊಂಡಿದ್ದ.

ಹೊಸ ಕೂಲರ್ ತಳದಲ್ಲಿ ಪಾರದರ್ಶಕ ಸ್ಟಿಕರ್ ಇರುತ್ತೆ, ತೆಗೀಬೇಕು. ಪೇಸ್ಟನ್ನ ಮಧ್ಯೆ ಒಂದು ಚುಕ್ಕೆ ಇಟ್ಟು ಬಿಡೋ ಬದಲು ಮುಚ್ಚಳ ಪೂರ್ತಿ ತೆಳುವಾಗಿ ಹರಡಿಸಿದ್ವಿ, ಈ ಪ್ರೊಸೆಸರ್‌ನಲ್ಲಿ ಕೋರ್ ಇರೋ ಚಿಪ್ಲೆಟ್ ನಡುಮಧ್ಯೆ ಇಲ್ಲ, ಒಂದು ಪಕ್ಕಕ್ಕಿದೆ. ಸ್ಕ್ರೂಗಳನ್ನ ಒಂದು ಪಕ್ಕದ್ದು ಸ್ವಲ್ಪ, ಇನ್ನೊಂದು ಪಕ್ಕದ್ದು ಸ್ವಲ್ಪ, ಹಿಂಗೆ ಬಿಗಿ ಮಾಡಿದ್ದು.

ಏನಾಯ್ತು

ಮೊದಲ ಸಿನೆಬೆಂಚ್‌ನಲ್ಲಿ 130 ವ್ಯಾಟ್ ಎಳೀತು, ಟೆಂಪರೇಚರ್ 87 ಹತ್ರ. ವ್ಯಾಟ್‌ಗೆ 0.45 ಡಿಗ್ರಿ. ಅಂದಾಜು ಮಾಡಿದ್ದಕ್ಕಿಂತ ಚೂರು ಚೆನ್ನಾಗೇ ಬಂತು. ಎಡಿಟರ್ ಮುಖ ಮಾತ್ರ ಸಣ್ಣಗಾಯ್ತು, ಯಾಕಂದ್ರೆ ಅವನು ನೋಡಿದ್ದು 90 ಮತ್ತೆ 87, ಮೂರೇ ಡಿಗ್ರಿ. ಕೂಲರ್ ಈಗ 36 ವ್ಯಾಟ್ ಜಾಸ್ತಿ ಹೊತ್ಕೊಂಡು ಹೋಗ್ತಿದೆ, ಅದೂ ಅರ್ಧದಷ್ಟು ಸದ್ದಲ್ಲಿ, ಅಂತ ಲಾಗ್ ತೋರಿಸಿದ್ಮೇಲೆ ಒಪ್ಕೊಂಡ.

ಆದ್ರೆ ನಿಜವಾದ ಎಕ್ಸ್‌ಪೋರ್ಟ್ ಹಾಕಿದಾಗ ಮತ್ತೆ 90 ಮುಟ್ಟಿತು. ಸಿನೆಬೆಂಚ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿರುತ್ತೆ, ಎಕ್ಸ್‌ಪೋರ್ಟ್‌ನಲ್ಲಿ ಅದೂ ದುಡಿಯುತ್ತೆ, ಅದರ ಬಿಸಿ ಎಲ್ಲ ಕ್ಯಾಬಿನೆಟ್ ಒಳಗೇ ಸುತ್ತಿ ಕೂಲರ್ ಬಾಯಿಗೆ ಹೋಗುತ್ತೆ. ಬರೀ ಪ್ರೊಸೆಸರ್ ಟೆಸ್ಟ್ ನೋಡಿ ಕೂಲರ್ ಚೆನ್ನಾಗಿದೆ ಇಲ್ಲ ಅಂತ ತೀರ್ಮಾನ ಮಾಡೋರು ಇಲ್ಲೇ ಎಡವೋದು. ಮುಂದಿನ ಗಾಜು ಪ್ಯಾನೆಲ್ ಕಿತ್ತು ಪಕ್ಕಕ್ಕಿಟ್ಟು ಅದೇ ಪ್ರಾಜೆಕ್ಟ್ ಮತ್ತೆ ಎಕ್ಸ್‌ಪೋರ್ಟ್ ಮಾಡಿದ್ವಿ, 83ಕ್ಕೆ ಇಳೀತು. ಎರಡು ಫ್ಯಾನ್ ಮುಂದಿದ್ರೂ ಗಾಜಿನ ಪಕ್ಕದ ಸಣ್ಣ ಸಂದಿಯಿಂದ ಮಾತ್ರ ಗಾಳಿ ಎಳೀಬೇಕಿತ್ತು, ಬಾಗಿಲು ಕಿಟಕಿ ಎಲ್ಲ ಜಡಿದು ಫ್ಯಾನ್ ಹಾಕ್ಕೊಂಡು ಕೂತಂಗೆ. ಇದಕ್ಕೆ ಹೊಸ ಕ್ಯಾಬಿನೆಟ್ ಬೇಡ ಅಂತ ಅವನೇ ಉಪಾಯ ಮಾಡ್ದ, ಗಾಜು ಹಿಡಿದಿರೋ ನಾಲ್ಕು ಮೂಲೆಗೂ ಸ್ಪೇಸರ್ ಕೊಟ್ಟು ಒಂದು ಬೆರಳಿನಷ್ಟು ಮುಂದಕ್ಕೆ ತಂದ. ನೋಡೋಕೆ ಏನೂ ಅಂಥ ಕೆಟ್ಟದಾಗಿಲ್ಲ, 84ರಲ್ಲಿ ನಿಂತ್ಕೊಳ್ತು. ಕೂಲರ್‌ನಲ್ಲಿ ಒಂದು ಮೆಟ್ಟಿಲು ಮೇಲಕ್ಕೆ ಹೋಗಿದ್ರೆ ಸಿಗ್ತಿದ್ದಷ್ಟು ಲಾಭ ಇಲ್ಲಿ ಪುಕ್ಕಟೆ ಸಿಕ್ತು.

ಆಮೇಲೆ ಬಯೋಸ್. ಪಿಪಿಟಿನ 142ರಿಂದ 110ಕ್ಕೆ ಇಳಿಸಿ, ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲಾ ಕೋರ್‌ಗೂ ಮೈನಸ್ 20 ಕೊಟ್ಟ, ಅಂದ್ರೆ ಅದೇ ಕ್ಲಾಕ್‌ಗೆ ಸ್ವಲ್ಪ ಕಮ್ಮಿ ವೋಲ್ಟೇಜು. ಸಿನೆಬೆಂಚ್ ಎಷ್ಟು ಸಲ ಓಡಿಸಿದ್ರೂ ಕಮಕ್ ಕಿಮಕ್ ಅನ್ಲಿಲ್ಲ, ಆದ್ರೆ ಸುಮ್ನೆ ಬ್ರೌಸರ್ ತೆರೆದಿಟ್ಟಿರೋವಾಗ ಮಶೀನ್ ರೀಸ್ಟಾರ್ಟ್ ಆಯ್ತು. ಕರ್ವ್ ಆಪ್ಟಿಮೈಸರ್‌ನ ಗುಣನೇ ಹಂಗೆ, ಕೈಕೊಡೋದು ಫುಲ್ ಲೋಡ್‌ನಲ್ಲಿ ಅಲ್ಲ, ಒಂದೆರಡು ಕೋರ್ ಮಾತ್ರ ಮೇಲಿನ ಕ್ಲಾಕ್‌ಗೆ ಜಿಗಿಯೋ ಹಗುರ ಕೆಲಸದಲ್ಲಿ. ಅತಿ ಚೆನ್ನಾಗಿ ಓಡೋ ಎರಡು ಕೋರ್‌ನ ಮೈನಸ್ 8ಕ್ಕೆ ತಂದು, ಉಳಿದದ್ದು ಮೈನಸ್ 15 ಮಾಡಿದ್ಮೇಲೆ ಸರಿಹೋಯ್ತು. ಎಕ್ಸ್‌ಪೋರ್ಟ್ ಟೆಂಪರೇಚರ್ 76 ಆಸುಪಾಸು. ಟೈಮ್ ಲೆಕ್ಕ ಹಾಕಿದ್ರೆ 142 ವ್ಯಾಟ್‌ನಲ್ಲಿ ತಗೊಳ್ತಿದ್ದದ್ದಕ್ಕೂ ಇದಕ್ಕೂ ಹೇಳ್ಕೊಳ್ಳೋವಂಥ ವ್ಯತ್ಯಾಸ ಇಲ್ಲ, ಕೊನೇ 30 ವ್ಯಾಟ್ ಬರೀ ಬಿಸಿ ಮಾಡೋಕೆ ಖರ್ಚಾಗ್ತಿತ್ತು ಅಷ್ಟೆ. ಬಯೋಸ್ ಇಷ್ಟು ಕೆದಕೋಕೆ ಭಯ ಆಗೋರು ಇಕೋ ಮೋಡ್ 65 (ಕಮ್ಮಿ ಪವರ್‌ನ ರೆಡಿ ಸೆಟಿಂಗ್) ಹಾಕಿದ್ರೆ ಸಾಕು, ಪಿಪಿಟಿ 88ಕ್ಕೆ ಬರುತ್ತೆ, ಈ ಕೂಲರ್‌ನಲ್ಲಿ 70ರ ಒಳಗೇ ಇರುತ್ತೆ, ಸ್ಪೀಡ್ ಸ್ವಲ್ಪ ಬಿಟ್ಕೊಡ್ಬೇಕು.

ಸದ್ದಿನ ಕಥೆ ಇಲ್ಲಿಗೂ ಪೂರ್ತಿ ಮುಗಿದಿರ್ಲಿಲ್ಲ. ಫುಲ್ ಲೋಡ್‌ನಲ್ಲಿ ಒಂದೇ ಸಮ ಇರೋ ಸದ್ದು ಯಾರಿಗೂ ಅಷ್ಟು ತೊಂದರೆ ಕೊಡಲ್ಲ, ಕಿರಿಕಿರಿ ಆಗೋದು ಏರಿಳಿತ. ರೈಝೆನ್‌ನಲ್ಲಿ ಒಂದು ಟ್ಯಾಬ್ ಓಪನ್ ಮಾಡಿದ್ರೆ 45ರಿಂದ 62ಕ್ಕೆ ಸೆಕೆಂಡಲ್ಲಿ ಹಾರಿ ವಾಪಸ್ ಬರುತ್ತೆ, ಡೀಫಾಲ್ಟ್ ಫ್ಯಾನ್ ಕರ್ವ್ (ಎಷ್ಟು ಡಿಗ್ರಿಗೆ ಎಷ್ಟು ಸ್ಪೀಡ್ ಅನ್ನೋ ಸೆಟಿಂಗ್) ಅದರ ಹಿಂದೆ ಓಡುತ್ತೆ, ಭುಸ್ ಅಂತ ಏರಿ ಇಳಿಯೋದೇ ಕೆಲಸ. ಕೂಲರ್ ಲೋಹ ಬಿಸಿಯಾಗೋಕೆ ಮುಂಚೆನೇ ಆ ಏರಿಕೆ ಮುಗಿದಿರುತ್ತೆ, ಫ್ಯಾನ್ ಓಡಿದ್ರೂ ಒಂದೇ ಓಡದಿದ್ರೂ ಒಂದೇ. 65 ಡಿಗ್ರಿವರೆಗೂ ಫ್ಯಾನನ್ನ ಒಂದೇ ಕಮ್ಮಿ ಸ್ಪೀಡ್‌ನಲ್ಲಿಟ್ಟು, ಅಲ್ಲಿಂದ ನಿಧಾನ ಏರಿಸಿ, ಏರೋಕೆ ಇಳಿಯೋಕೆ ಕೆಲವು ಸೆಕೆಂಡ್ ತಡ ಆಗೋ ಆಪ್ಶನ್ ಆನ್ ಮಾಡಿದ್ವಿ. ಈಗ ಎಕ್ಸ್‌ಪೋರ್ಟ್ ಓಡ್ತಿರೋವಾಗ್ಲೇ ವಾಯ್ಸ್ ರೆಕಾರ್ಡ್ ಮಾಡ್ತಾನೆ, ಮೈಕ್ ಮಾತ್ರ ಮೇಜಿನ ಇನ್ನೊಂದು ತುದಿಗೆ ಹೋಗಿದೆ.

ಬೇರೆ ಪ್ರೊಸೆಸರ್ ಇರೋರಿಗೆ

ಈ ಕೇಸ್‌ನಿಂದ ಎತ್ಕೊಂಡು ಹೋಗ್ಬೇಕಾದ್ದು ಕೂಲರ್ ಹೆಸರಲ್ಲ, ಅದು ಅವನ ಕ್ಯಾಬಿನೆಟ್‌ಗೆ, ಅವನ ರ‍್ಯಾಮ್‌ಗೆ, ಕಳೆದುಹೋದ ಅವನ ಬ್ರಾಕೆಟ್‌ಗೆ ಬಂದ ಉತ್ತರ. ನಿಮ್ಮದು 5700ಎಕ್ಸ್ ಆಗಿದ್ರೆ ಅದೇ ಎಂಟು ಕೋರ್ ಇದ್ರೂ ಪಿಪಿಟಿ 76, ಇಷ್ಟೆಲ್ಲ ಒದ್ದಾಟನೇ ಬೇಡ, ಯಾವುದೇ ಸಾಧಾರಣ ಸಿಂಗಲ್ ಟವರ್ ಆರಾಮಾಗಿ ನೋಡ್ಕೊಳ್ಳುತ್ತೆ. ಇಂಟೆಲ್ ಕಡೆ ಐ5-12400ಕ್ಕೆ ಬೇಸ್ 65 ವ್ಯಾಟ್ ಅಂತ ಇದ್ರೂ ಟರ್ಬೋದಲ್ಲಿ 117ರವರೆಗೆ, ಐ7-12700ಕ್ಕೆ ಅದೇ 65 ಅಂತ ಬರೆದು ಟರ್ಬೋ 180 ಇದೆ, ಒಂದೇ 65 ನೋಡಿ ಎರಡಕ್ಕೂ ಒಂದೇ ಕೂಲರ್ ಅಂದ್ಕೊಂಡ್ರೆ ಎರಡನೇದು ಕೈಕೊಡುತ್ತೆ. ಮತ್ತೆ ಇಂಟೆಲ್‌ನ ಹಳೇ ಸಾಕೆಟ್ ಎಲ್‌ಜಿಎ 1200ರ ಕೂಲರ್ ಮನೇಲಿದೆ ಅಂತ ಹಂಗೇ ಕೂರಿಸೋಕೆ ಹೋಗ್ಬೇಡಿ, ಅದರಲ್ಲಿ ಸ್ಕ್ರೂ ತೂತುಗಳ ಅಂತರ 75 ಮಿಮೀ, ಈ ಎರಡೂ ಪ್ರೊಸೆಸರ್ ಕೂರೋ ಎಲ್‌ಜಿಎ 1700ರಲ್ಲಿ 78, ಪ್ರೊಸೆಸರ್ ಕೂರೋ ಎತ್ತರನೂ ಚೂರು ಕಮ್ಮಿ, ಆ ಕೂಲರ್ ಕಂಪನಿ 1700ಕ್ಕೆ ಅಂತ ಬೇರೆ ಕಿಟ್ ಕೊಡುತ್ತಾ ಅಂತ ಮೊದ್ಲು ವಿಚಾರಿಸಿ.